ಅಳತೆಗೆ ಬಂದ ಕುಬಸ

ನನಗೆ ಹೊಲಿಗೆಯನ್ನು ಯಾರೂ ಕಲಿಸಲಿಲ್ಲ. ಹೊಲಿದದ್ದನ್ನು ಬಿಚ್ಚಿ ಬಿಚ್ಚಿ ನೋಡಿ ಕಲಿತೆ. ಶಹಾಬಜಾರದ ನಮ್ಮ ಮನೆಯಲ್ಲಿ ಹಳೆಯ ಬಟ್ಟೆ ಯಾವುದು ಕೈಗೆ ಸಿಕ್ಕರೂ ಅಂಗಳದ ಕಟ್ಟೆಯ ಮೇಲೆ ಕೂತು, ಸೂಜಿಯ ತುದಿಯಿಂದ ಒಂದೊಂದೇ ಹೊಲಿಗೆ ಎತ್ತಿ, ತೋಳು ಬೇರೆ, ಬೆನ್ನು ಬೇರೆ, ಕೊರಳಪಟ್ಟಿ ಬೇರೆ ಮಾಡಿ ನೆಲದ ಮೇಲೆ ಹಾಸುತ್ತಿದ್ದೆ. ಅಂಗಿಯ ತೋಳನ್ನು ಬಿಚ್ಚಿ ಹಾಸಿದರೆ ಅದು ತೋಳಿನಂತೆ ಇರುವುದೇ ಇಲ್ಲ ನೋಡಿ! ನಡುವೆ ಎತ್ತರ, ಎರಡೂ ಕಡೆ ಇಳಿಜಾರು, ಒಂದು ಸಣ್ಣ ದಿಬ್ಬದ ಹಾಗೆ ಇರುತ್ತದೆ. ಆ ದಿಬ್ಬವನ್ನು ಇನ್ನೊಂದು ಬಟ್ಟೆಯ ತಗ್ಗಿಗೆ ಕೂಡಿಸಿದರೆ ಮನುಷ್ಯನ ಹೆಗಲು ಹುಟ್ಟುತ್ತದೆ. ನೆಲದ ಮೇಲೆ ಚಪ್ಪಟೆಯಾಗಿ ಬಿದ್ದಿರುವ ಬಟ್ಟೆ ದುಂಡಗಿನ ಮೈಯನ್ನು ಹೀಗೆ ಹಿಡಿಯುತ್ತದೆ ಎಂದು ಮೊದಲ ಸಲ ತಿಳಿದ ದಿನ ನಾನು ಊಟಕ್ಕೂ ಏಳದೆ ಕೂತಿದ್ದೆ.

ಹಳೆಯ ಬಟ್ಟೆ ಮುಗಿದ ಮೇಲೆ ಹೊಸದಕ್ಕೂ ಕೈ ಹಾಕಿದೆ. ಗಂಜಿನಲ್ಲಿ, ಅಂದರೆ ಧಾನ್ಯದ ಪೇಟೆಯಲ್ಲಿ, ಕೆಲಸಕ್ಕಿದ್ದ ಅಣ್ಣ ಒಂದು ಬೆಳಿಗ್ಗೆ ಗೂಟದ ಮೇಲಿನ ಅಂಗಿ ತೊಡಲು ಹೋದರೆ ತೋಳೆರಡೂ ಅವನ ಕೈಯಲ್ಲೇ ಬಂದವು.

"ಅವ್ವಾ, ಇಕಿಗೆ ಲಗೂನ ಒಂದು ಮನಿ ನೋಡು" ಎಂದು ಕೂಗಿದ. "ಇಕಿ ಇಲ್ಲೇ ಇದ್ದರ ನಾ ಗಂಜಿಗೆ ಬರಿ ಮೈಲೆ ಹೋಗೂದು ಆಗ್ತದ!"

"ಸಂಜಿಕ ಹೊಲದು ಇಡ್ತೀನೊ" ಅಂದೆ.

"ಈಗೇನು ಹೊದಕೊಂಡು ಹೋಗ್ಲಿ? ನಿನ್ನ ಶಾಣ್ಯಾತನ ಹೊದಕೊಂಡು ಹೋಗ್ಲೇನು?"

ಸಂಜೆ ಹೊಲಿದು ಇಟ್ಟೆ. ಮೊದಲಿಗಿಂತ ಚೆನ್ನಾಗಿಯೇ ಕೂತಿತು. ಅವನು ಅದನ್ನು ಒಪ್ಪಲಿಲ್ಲ, ಆದರೆ ಆ ಅಂಗಿಯನ್ನೇ ಹೆಚ್ಚು ತೊಡತೊಡಗಿದ. ಬಿಚ್ಚುವ ಈ ಹುಚ್ಚಿನಿಂದ ಒಮ್ಮೆ ನಮ್ಮ ಅಕ್ಕನ ಮಾನ ಉಳಿಯಿತು. ಆಗ ನನಗೆ ತಿಳಿದ ಸಂಗತಿ ಇಷ್ಟು ವರ್ಷವಾದರೂ ನನ್ನನ್ನು ಬಿಟ್ಟಿಲ್ಲ. ಅದನ್ನೇ ಹೇಳುತ್ತೇನೆ.

ಅದು ಹೈದರಾಬಾದ್ ಸಂಸ್ಥಾನದಲ್ಲಿ ಪೊಲೀಸ್ ಕಾರ್ಯಾಚರಣೆ ಆದ ವರ್ಷ. ಮಳೆಗಾಲದಲ್ಲಿ ರಜಾಕಾರರ ಗದ್ದಲ, ಆಮೇಲೆ ಮಿಲಿಟರಿ ಬಂತು, ಆಮೇಲೆ ಬೇರೆ ಥರದ ಭಯ. ತಿಂಗಳುಗಟ್ಟಲೆ ಕಲಬುರಗಿಯಿಂದ ಹೊರಗೆ ಹೆಜ್ಜೆ ಇಡುವವರಿಲ್ಲ. ಅಕ್ಕನನ್ನು ಕಮಲಾಪುರಕ್ಕೆ ಕೊಟ್ಟಿದ್ದೆವು. ಅವಳು ಹೇಗಿದ್ದಾಳೆ ಎಂಬ ಸುದ್ದಿ ದಾರಿಹೋಕರ ಬಾಯಿಂದ ಬರಬೇಕು, ಬಂದರೂ "ಛಲೋ ಅದಾಳಂತ" ಎಂಬ ಒಂದೇ ಮಾತು. ಚಳಿಗಾಲದ ಹೊತ್ತಿಗೆ ದಾರಿ ಸ್ವಲ್ಪ ತಿಳಿಯಾಯಿತು. ಆಗ ಅವಳ ಮನೆಯಿಂದ ಗಾಡಿ ಬಂತು. ಗಾಡಿಯಲ್ಲಿ ಕೆಂಪು ಬಾಳೆಯ ಗೊನೆ, ಅದರ ಮೇಲೆ ಬಿಳಿ ಬಟ್ಟೆಯ ಒಂದು ಗಂಟು. ಗಂಟಿನೊಳಗೆ ಅಕ್ಕನ ಹಳೆಯ ಕುಬಸ.

ನಮ್ಮ ಕಡೆ ಬಸುರಿಗೆ ಏಳನೇ ತಿಂಗಳಲ್ಲಿ ತವರಿನವರು ಹಸಿರು ಸೀರೆ, ಹಸಿರು ಬಳೆ, ಹೊಸ ಕುಬಸ ತಂದು ತೊಡಿಸಿ ಉಡಿ ತುಂಬುತ್ತಾರೆ. ರವಿಕೆಗೆ ನಾವು ಕುಬಸ ಅನ್ನುವುದು, ಆ ಕಾರ್ಯಕ್ಕೂ ಅದೇ ಹೆಸರು. ಅಕ್ಕನ ಅತ್ತೆಯ ಮನೆಯಲ್ಲಿ ಒಂದು ಬಿಗಿ ಪದ್ಧತಿ ಇತ್ತು. ಮುತ್ತೈದೆಯರು ನಡುಮನೆಯಲ್ಲಿ ಸುತ್ತ ನಿಂತು ತಮ್ಮ ಕೈಯಾರೆ ಕುಬಸ ತೊಡಿಸಬೇಕು. ಒಮ್ಮೆ ಏರಿಸಿದ ತೋಳನ್ನು ತೆಗೆಯಬಾರದು, ಜಗ್ಗಬಾರದು. ತೋಳು ಏರದೆ ನಿಂತರೆ ತವರಿನ ಬಟ್ಟೆ ಮೈಗೆ ಒಗ್ಗಲಿಲ್ಲ ಎಂದು ಕಿವಿಯಿಂದ ಕಿವಿಗೆ ಮಾತು ಹೋಗುತ್ತದೆ. ಅಕ್ಕನಿಗೆ ಹಿಂದಿನ ವರ್ಷ ಒಂದು ಬಸಿರು ಹೋಗಿತ್ತು. ಅಂಥವಳ ಮೇಲೆ ಅಂಥ ಮಾತು ಬಿದ್ದರೆ ಅವಳು ಅದನ್ನು ಹೊತ್ತುಕೊಂಡೇ ಬದುಕಬೇಕು.

ಗಾಡಿ ಹೊಡೆದುಕೊಂಡು ಬಂದಿದ್ದ ಆಳುಮಗ ಕಟ್ಟೆಯ ಕೆಳಗೆ ಕೂತು ನೀರು ಕುಡಿದು ಹೇಳಿದ: "ಅತ್ತಿಯವರು ಹೇಳ್ಯಾರ್ರೀ. ಈ ಕುಬಸದ ಅಳತಿಗೇ ಹೊಲೀಬೇಕಂತ. ಒಂದು ಎಳಿ ಆಕಡಿ ಈಕಡಿ ಆಗಬಾರದಂತ."

"ನಮಗ ಅಕಲು ಇಲ್ಲೇನು? ಆಕಿ ಹೇಳಬೇಕೇನು?" ಎಂದಳು ಅವ್ವ. "ನನ್ನ ಮಗಳು ಹ್ಯಾಂಗ ಅದಾಳ, ಅದನ್ನ ಹೇಳು ಮೊದಲ."

"ಛಲೋ ಅದಾರ್ರೀ" ಎಂದ, ಎತ್ತುಗಳ ಕಡೆ ನೋಡುತ್ತ.

ಅವ್ವನ ಪೆಟ್ಟಿಗೆಯಲ್ಲಿ ಒಂದು ಗುಳೇದಗುಡ್ಡದ ಖಣ ಇತ್ತು. ಹಸಿರು ಮೈ, ಕೆಂಪು ಅಂಚು. ಸಂಸ್ಥಾನದ ಸರಹದ್ದಿನ ಆಚೆಯ ಸರಕು ನಿಲ್ಲುವ ಮೊದಲೇ ಈ ದಿನಕ್ಕಾಗಿ ಎತ್ತಿಟ್ಟದ್ದು. ಇನ್ನೊಂದು ಬೇಕೆಂದರೆ ಇಡೀ ಪೇಟೆಯಲ್ಲಿ ಸಿಗುತ್ತಿರಲಿಲ್ಲ. ಒಂದು ಖಣಕ್ಕೆ ಒಂದು ಕುಬಸ, ಕತ್ತರಿಸಿ ಉಳಿಯುವುದು ಅಂಗೈಯಷ್ಟು ತುಂಡು. ನಮ್ಮ ಓಣಿಯ ದರ್ಜಿ ಗದ್ದಲದಲ್ಲಿ ಅಂಗಡಿ ಮುಚ್ಚಿ ಊರು ಬಿಟ್ಟಿದ್ದ. ಹೀಗಾಗಿ ಆ ಖಣ ನನ್ನ ಕೈಗೆ ಬಂತು. ಅಣ್ಣ ಅದನ್ನು ನೋಡಿ, "ಮುಗೀತು" ಅಂದ.

ನಾನು ಗಂಟು ಬಿಚ್ಚಿ ಕುಬಸವನ್ನು ಕಟ್ಟೆಯ ಮೇಲೆ ಹಾಸಿದೆ. ಹಾಸಿದ ಕೂಡಲೇ ನಕ್ಕೆ.

"ಏನಾತು?" ಎಂದಳು ಅವ್ವ.

"ಇದನ್ನ ಹೊಲದವಗ ಕಣ್ಣು ಇದ್ದವೋ ಇಲ್ಲೋ! ನೋಡಿಲ್ಲಿ."

ಎಡಗಡೆ ತೋಳು ಕೂಡುವ ಸಂದು ಬಲಗಡೆಗಿಂತ ಬಹಳ ದೊಡ್ಡದು. ಕಂಕುಳಲ್ಲಿ ಬೇರೆ ಬಟ್ಟೆಯ ತುಂಡೊಂದನ್ನು ಸೇರಿಸಿದ್ದರು. ಎಡ ಹೆಗಲು ಜೋತುಬಿದ್ದಿತ್ತು. ಕೊರಳು ನಡುವೆ ಇರದೆ ಎಡಕ್ಕೆ ಸರಿದಿತ್ತು. ಬಲ ತೋಳು ಗಿಡ್ಡ. ಬೆನ್ನಿನ ಕೆಳಗಿನ ಅಂಚು ಹಾವು ಹರಿದಂತೆ. ಇದನ್ನು ಅಳತೆ ಎಂದು ಕಳಿಸಿದ್ದರು, ಒಂದು ಎಳೆ ಆಚೀಚೆ ಆಗಬಾರದು ಎಂದೂ ಹೇಳಿದ್ದರು!

ಅವ್ವ ಅದನ್ನು ಎತ್ತಿ ಹಿಡಿದಳು, ತಿರುಗಿಸಿದಳು, ಮುಖ ಗಂಟಿಕ್ಕಿದಳು. ಒಳಗೆ ಹೋಗಿ ಪೆಟ್ಟಿಗೆಯಿಂದ ಅಕ್ಕನ ಲಗ್ನದ ಮೊದಲಿನ ಕುಬಸವೊಂದನ್ನು ತಂದು ಪಕ್ಕದಲ್ಲಿ ಇಟ್ಟಳು. ಅದರ ಎಡ ಬಲ ಎರಡೂ ಒಂದೇ ಸಮ.

"ಇದು ನೋಡು ನನ್ನ ಮಗಳ ಮೈ" ಎಂದಳು. "ಹೆತ್ತಾಕಿಗೆ ಗೊತ್ತಿಲ್ಲೇನು? ಇದರಂಗ ಹೊಲಿ. ಆ ಡೊಂಕು ಅರಿವಿ ಆಕಡಿ ಒಗಿ."

"ಅತ್ತಿಯವರು ಹಂಗೇ ಹೊಲಿ ಅಂದಾರಲ್ಲ?"

"ಡೊಂಕು ಹೊಲದು ಒಯ್ದರ ನಾಳಿ ಅವರೇ ಅಂತಾರ, ತವರಿನವರಿಗೆ ಒಂದು ಕುಬಸ ಹೊಲೀಲಿಕ್ಕೂ ಬರಂಗಿಲ್ಲಂತ."

ನನಗೂ ಹಾಗೇ ಅನ್ನಿಸಿತು. ತಪ್ಪು ಎಂದು ಕಣ್ಣಿಗೆ ಕಾಣುತ್ತಿರುವುದನ್ನು ಹಾಗೇ ಇಳಿಸುವುದು ನನಗೆ ಆಗದು. ಹಿತ್ತಲ ಗೋಡೆಯ ಆಚೆ ಮುಸ್ಲಿಮರ ಮನೆಯಲ್ಲಿದ್ದ, ನಾವು ಚಿಕ್ಕಮ್ಮ ಎಂಬಂತೆ ಖಾಲಾ ಎಂದು ಕರೆಯುತ್ತಿದ್ದವಳ ಹತ್ತಿರ ಹೋದೆ. ಕೈಯಿಂದ ತಿರುಗಿಸುವ ಹೊಲಿಗೆ ಮಷಿನ್ ಇದ್ದದ್ದು ಅವಳಲ್ಲಿ. ಅವಳ ಗಂಡ ಹೈದರಾಬಾದಿಗೆ ಹೋದವರು ಇನ್ನೂ ಬಂದಿರಲಿಲ್ಲ. ಮುಂದಿನ ಬಾಗಿಲನ್ನು ಅವಳು ತೆರೆಯುತ್ತಿರಲಿಲ್ಲ. ಗೋಡೆಯ ಕಲ್ಲು ಬಿದ್ದ ಜಾಗದಿಂದ ನಾವು ರೊಟ್ಟಿ ಕೊಡುತ್ತಿದ್ದೆವು, ಅವಳು ದಾರದ ಉಂಡೆ ಕೊಡುತ್ತಿದ್ದಳು. ಅವಳು ಕುಬಸವನ್ನು ಮೂಗಿನ ಹತ್ತಿರ ತಂದು ನೋಡಿದಳು.

"ತೋಬಾ! ಇದು ಎಲ್ಲಾ ಗಲತ್ ಅದಾ ಬೇಟಿ. ಹೊಲಿಗಿ ಅಂದ್ರ ಸೀದಾ ಇರಬೇಕು. ಸೀದಾ ಕರೋ."

"ಕಮಲಾಪುರದ ಅತ್ತಿ ಹಂಗೇ ಬೇಕು ಅಂದಾಳ ಖಾಲಾ."

"ಅತ್ತಿ ಏನು ದರ್ಜಿ ಏನು? ಸಾಸ್ ಲೋಗ್ ಹಂಗೇ ಅಂತಾರ. ನಂದೂ ಇದ್ದಳು ಒಬ್ಬಾಕಿ" ಎಂದು ನಕ್ಕಳು. ಆ ತಿಂಗಳುಗಳಲ್ಲಿ ಅವಳು ನಕ್ಕದ್ದನ್ನು ನಾನು ಕಂಡದ್ದು ಅದೊಂದೇ ಸಲ.

ಮೂವರ ಮನಸ್ಸೂ ಒಂದೇ ಆಯಿತು. ಕತ್ತರಿ ತೆಗೆದುಕೊಂಡು ಕೂತೆ. ಖಣವನ್ನು ಮಡಿಸಿದೆ. ಸುಣ್ಣದ ಕಡ್ಡಿಯಿಂದ ಗೆರೆ ಹಾಕಬೇಕು. ಆದರೆ ಕೈ ಹೋಗಲಿಲ್ಲ. ಯಾಕೆಂದು ಕೇಳಿದರೆ, ಸಾಚಾ ಹೇಳುತ್ತೇನೆ, ಅನುಮಾನವೇನೂ ಇರಲಿಲ್ಲ. ಆ ಕುಬಸವನ್ನು ಬಿಚ್ಚಿ ನೋಡಬೇಕು ಎಂಬ ನನ್ನ ಹಳೆಯ ಚಟ ಅಷ್ಟೇ. ಒಬ್ಬ ದರ್ಜಿ ಇಷ್ಟೊಂದು ತಪ್ಪನ್ನು ಒಂದೇ ಬಟ್ಟೆಯಲ್ಲಿ ಹೇಗೆ ಮಾಡಿದ ಎಂದು ನೋಡುವ ಆಸೆ.

ಎಡ ಸಂದಿನಿಂದ ಶುರು ಮಾಡಿದೆ. ಮೊದಲ ಹೊಲಿಗೆ ಎತ್ತಿದ ಕೂಡಲೇ ಕೈ ನಿಂತಿತು. ಅದು ಮಷಿನ್ ಹೊಲಿಗೆ ಆಗಿರಲಿಲ್ಲ. ಕೈ ಹೊಲಿಗೆ. ದಾರವೂ ಬೇರೆ. ದಾರದ ಕೊನೆಯ ಗಂಟು ಬಟ್ಟೆಯ ಒಳಗೆ ಇರದೆ ಹೊರಗೆ ಕೂತಿತ್ತು. ಗಂಟನ್ನು ಹೊರಗೆ ಬಿಡುವ ಚಾಳಿ ನಮ್ಮ ಮನೆಯಲ್ಲಿ ಒಬ್ಬಳಿಗೇ ಇತ್ತು. ಅದಕ್ಕಾಗಿ ಅವ್ವನ ಕೈಯಲ್ಲಿ ಅವಳು ಎಷ್ಟೋ ಸಲ ಬೈಸಿಕೊಂಡಿದ್ದಳು.

ಇದನ್ನು ಹೊಲಿದವಳು ಅಕ್ಕ.

ಆದರೆ ಅಕ್ಕನ ಹೊಲಿಗೆ ಹೀಗಿರುತ್ತಿರಲಿಲ್ಲ. ಅವಳ ಹೊಲಿಗೆ ಎಳ್ಳು ಜೋಡಿಸಿದಂತೆ. ಇಲ್ಲಿ ಒಂದು ಉದ್ದ, ಒಂದು ಗಿಡ್ಡ, ಬಟ್ಟೆ ಅಲ್ಲಲ್ಲಿ ನೆರಿಗೆಗಟ್ಟಿತ್ತು. ಬಟ್ಟೆಯನ್ನು ಇನ್ನೊಂದು ಕೈಯಿಂದ ಬಿಗಿ ಹಿಡಿಯದೆ ಹೊಲಿದರೆ ಮಾತ್ರ ಹಾಗಾಗುವುದು. ಯಾಕೆ ಹಿಡಿದಿರಲಿಲ್ಲ ಎಂದು ನನಗೆ ಹೊಳೆಯಲಿಲ್ಲ.

ಬಿಚ್ಚಿದ ಎಡಭಾಗವನ್ನು ಬಿಸಿಲಿಗೆ ಹಿಡಿದೆ. ಆಗ ಕಂಡಿತು! ಬಟ್ಟೆಯ ಮೇಲೆ ಎರಡು ಸಾಲು ತೂತು. ಒಂದು ಸಾಲು ಒಳಗೆ, ಮಷಿನ್ ಹಾಕಿದ್ದು, ಒಂದರ ಹಿಂದೆ ಒಂದು ಸಮನಾಗಿ ನಡೆದದ್ದು. ಅದರ ಹೊರಗೆ ಇನ್ನೊಂದು ಸಾಲು, ಕೈಯಿಂದ ಹಾಕಿದ್ದು. ಎರಡೂ ಸಾಲಿನಿಂದ ಬಿಸಿಲು ಸೂಜಿಮೊನೆಯಷ್ಟಾಗಿ ಒಳಗೆ ಇಳಿಯುತ್ತಿತ್ತು. ಒಳಗಿನ ಸಾಲಿನ ಮೇಲೆ ಬಲಗಡೆಯನ್ನು ಇಟ್ಟು ನೋಡಿದೆ. ಎಳೆಗೆ ಎಳೆ ಕೂಡಿತು. ಅಂದರೆ ದರ್ಜಿ ಹೊಲಿದದ್ದು ಎರಡೂ ಕಡೆ ಸಮನಾಗಿಯೇ. ಪಾಪ, ಅವನಿಗೆ ಕಣ್ಣು ಇದ್ದವು. ಆಮೇಲೆ ಯಾರೋ ಎಡಗಡೆಯನ್ನಷ್ಟೇ ಬಿಚ್ಚಿ, ಒಳಗೆ ಮಡಿಚಿದ್ದ ಬಟ್ಟೆಯನ್ನೆಲ್ಲ ಹೊರಗೆ ಬಿಟ್ಟು, ಅದೂ ಸಾಲದೆ ತುಂಡು ಸೇರಿಸಿ ದೊಡ್ಡದು ಮಾಡಿದ್ದರು. ಆ ಎರಡು ಸಾಲಿನ ನಡುವಿನ ಪಟ್ಟಿಯ ಬಣ್ಣ ಇನ್ನೂ ಗಾಢವಾಗಿತ್ತು. ಮಿಕ್ಕ ಕುಬಸವೆಲ್ಲ ಬಿಸಿಲಿಗೆ, ಒಗೆತಕ್ಕೆ ಬಣ್ಣ ಬಿಟ್ಟಿತ್ತು. ಈ ಪಟ್ಟಿ ಬಿಸಿಲಿಗೆ ಬಂದು ಬಹಳ ದಿನ ಆಗಿರಲಿಲ್ಲ.

ಒಂದು ಬಟ್ಟೆ ಇಷ್ಟು ಮಾತಾಡುತ್ತದೆಯೇ? ಯಾರು ಮುಟ್ಟಿದರು, ಯಾವ ಕಡೆ ಮುಟ್ಟಿದರು, ಮೊದಲು ಯಾವುದು, ಆಮೇಲೆ ಯಾವುದು, ಎಲ್ಲವನ್ನೂ ಅದು ಇಟ್ಟುಕೊಂಡಿತ್ತು. ಅಷ್ಟು ದಿನ ನಾನು ಬಟ್ಟೆ ಬಿಚ್ಚಿದ್ದು ಹೇಗೆ ಹೊಲಿಯುತ್ತಾರೆ ಎಂದು ನೋಡಲು. ಯಾಕೆ ಹಾಗೆ ಹೊಲಿದರು ಎಂದು ನೋಡಲು ಬಿಚ್ಚಿದ್ದು ಅದೇ ಮೊದಲು.

"ಅವ್ವಾ, ಇದು ತಪ್ಪಲ್ಲ" ಅಂದೆ. "ತಪ್ಪು ಅಂತ ನಾವು ಅಂದದ್ದು, ಅದು ಅಕ್ಕ ಬೇಕಂತ ಮಾಡಿದ್ದದ."

"ಬೇಕಂತ ಯಾರರೆ ಡೊಂಕು ಮಾಡ್ತಾರೇನು?"

"ಆಕಿಗೆ ಹಿಂಗೇ ಬೇಕಾಗ್ಯದ."

"ಯಾಕ?"

ಬಸುರಿ, ಮೈ ಕೈ ತುಂಬಿಕೊಂಡಿರಬಹುದು ಎನ್ನೋಣವೆಂದರೆ ಬರೀ ಎಡಗಡೆ ಯಾಕೆ? ಅಲ್ಲದೆ ನಮ್ಮ ಕುಬಸಕ್ಕೆ ಮುಂದೆ ಗಂಟು. ಮೈ ತುಂಬಿದರೆ ಗಂಟು ಸಡಿಲ ಮಾಡಿಕೊಂಡರಾಯಿತು. ತೋಳಿಗೆ, ಹೆಗಲಿಗೆ ಆ ಅನುಕೂಲ ಇಲ್ಲ. ಅವ್ವ ಪೆಟ್ಟಿಗೆಯಿಂದ ತಂದ ಕುಬಸವನ್ನು ಮತ್ತೆ ನನ್ನ ಮುಂದೆ ಸರಿಸಿದಳು. "ಇದು ಸುಳ್ಳು ಅಂತಿ ಏನು ಹಂಗಾರ?" ಎಂದಳು.

ಸುಳ್ಳಲ್ಲ. ಅದೂ ಖರೆ. ಆದರೆ ಅದು ಲಗ್ನದ ಮೊದಲಿನ ಅಕ್ಕ. ಆ ಕುಬಸವನ್ನು ಮಡಿಚಿ ಅವ್ವನ ಕೈಗೆ ಕೊಟ್ಟೆ.

ಈಗ ನನಗೆ ಹೊಸ ಕಷ್ಟ ಶುರುವಾಯಿತು. ಎಡ ಸಂದು ತಪ್ಪಲ್ಲ ಎಂದಾದರೆ, ಮಿಕ್ಕವು? ಕಂಡದ್ದನ್ನೆಲ್ಲ ಕಣ್ಣು ಮುಚ್ಚಿ ಇಳಿಸಲೇ? ಒಂದೊಂದನ್ನೇ ಬಿಸಿಲಿಗೆ ಹಿಡಿದು ಕೇಳತೊಡಗಿದೆ. ಬಲ ತೋಳು ಗಿಡ್ಡ ಯಾಕೆ? ತುದಿಯ ಅಂಚು ಹಿಂಜಿತ್ತು, ಹಿಂಜಿದ್ದನ್ನು ಕತ್ತರಿಸಿ ಮಡಿಚಿ ಹೊಲಿದಿದ್ದರು. ಅದು ಸವೆತ, ಅಳತೆಯಲ್ಲ. ಹೊಸದಕ್ಕೆ ಎಡ ತೋಳಿನಷ್ಟೇ ಉದ್ದ ಬೇಕು. ಬೆನ್ನಿನ ಅಂಚು ಡೊಂಕು ಯಾಕೆ? ಅಲ್ಲಿ ಇದ್ದದ್ದು ಮೊದಲಿನ ಮಷಿನ್ ದಾರವೇ, ಒಂದೇ ಸಾಲು ತೂತು. ದರ್ಜಿಯ ಕೈ ಜಾರಿದ್ದು, ಅದೊಂದು ನಿಜವಾದ ತಪ್ಪು. ಅಕ್ಕ ಅದನ್ನು ಸರಿ ಮಾಡುವ ಗೋಜಿಗೆ ಹೋಗಿರಲಿಲ್ಲ, ಬೆನ್ನ ಹಿಂದೆ ಯಾರು ನೋಡುತ್ತಾರೆ ಎಂದಿರಬೇಕು. ಎಡ ಹೆಗಲಿನ ಇಳಿಜಾರಿಗೆ ಎರಡು ಸಾಲು ತೂತಿದ್ದವು. ಅದನ್ನು ಹಾಗೇ ಇಳಿಸಬೇಕು.

ಕೊರಳು ಉಳಿಯಿತು. ಅದು ಎಡಕ್ಕೆ ಸರಿದಿತ್ತು. ತೂತು ಒಂದೇ ಸಾಲು, ದಾರ ಮೊದಲಿನದೇ. ಯಾರೂ ಬಿಚ್ಚಿರಲಿಲ್ಲ. ಬಟ್ಟೆಯ ನೆಯ್ಗೆ ಮಾತ್ರ ಆ ಕಡೆ ಹಿಗ್ಗಿತ್ತು. ಒಗೆದು ಹಿಂಡಿ ಹಿಂಡಿ ಜಗ್ಗಿದೆ ಎಂದು ನಿರ್ಧರಿಸಿದೆ. ಹೊಸದರಲ್ಲಿ ಕೊರಳು ನಟ್ಟನಡುವೆ.

ಅಂಗೈಯಷ್ಟು ಉಳಿಯುವ ತುಂಡನ್ನು ಎಡ ಕಂಕುಳಿಗೆ ಎಂದು ಎತ್ತಿಟ್ಟು ಕತ್ತರಿ ಹಾಕಿದೆ. ಅವ್ವ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. "ಏರಲಿಲ್ಲಂದ್ರ ನೋಡು" ಎಂದಳು, ಅಷ್ಟೇ. ಖಾಲಾ ಮಷಿನ್ ತಿರುಗಿಸಿದಳು, ನಾನು ಬಟ್ಟೆ ಹಿಡಿದೆ. ಎಡ ಸಂದಿಗೆ ಬಂದಾಗ ಅವಳು ಕೈ ನಿಲ್ಲಿಸಿ, "ಪಕ್ಕಾ?" ಎಂದು ಕೇಳಿದಳು. ಪಕ್ಕಾ ಏನೂ ಇರಲಿಲ್ಲ. "ತಿರುಗಸ್ರಿ" ಅಂದೆ.

ಹಳೆಯ ಕುಬಸವನ್ನೂ ಮತ್ತೆ ಹೊಲಿದೆ. ಯಾವ ಸಾಲಿನ ಮೇಲೆ ಎಂದು ಕೇಳಬೇಡಿ, ಹೊರಗಿನ ಸಾಲಿನ ಮೇಲೆಯೇ.

ಕಮಲಾಪುರಕ್ಕೆ ಮೋಟಾರಿನಲ್ಲಿ ಹೋದೆವು. ಅವ್ವ, ಅಣ್ಣ, ನಾನು. ದಾರಿಯಲ್ಲಿ ಮಿಲಿಟರಿ ಲಾರಿಗಳು ನಿಂತಿದ್ದವು, ಸಿಪಾಯಿಗಳು ಹೊಲದ ಬದುವಿನಲ್ಲಿ ಕೂತು ಕಡಲೆ ಗಿಡ ಕಿತ್ತು ತಿನ್ನುತ್ತಿದ್ದರು. ಕಪ್ಪು ನೆಲ ಹೋಗಿ ಕೆಂಪು ನೆಲ ಬಂತು, ದಾರಿ ಏರತೊಡಗಿತು. ಅವ್ವ ತೊಡೆಯ ಮೇಲೆ ಗಂಟು ಇಟ್ಟುಕೊಂಡು ಕೂತಿದ್ದಳು. ಗಂಟಿನೊಳಗೆ ಸೀರೆ, ಬಳೆ, ನಾನು ಹೊಲಿದ ಡೊಂಕು ಕುಬಸ. ಗಂಟಿನ ಅಡಿಯಲ್ಲಿ ಅವ್ವ ಪೆಟ್ಟಿಗೆಯ ಆ ಹಳೆಯ ಕುಬಸವನ್ನೂ ಇಟ್ಟಿದ್ದಳೆಂದು ನನಗೆ ಗೊತ್ತಿತ್ತು. ನನ್ನದು ಏರದಿದ್ದರೆ ಅದಾದರೂ ಇರಲಿ ಎಂದು.

ಅಕ್ಕ ಬಾಗಿಲಿಗೆ ಬಂದಳು. ಸೆರಗನ್ನು ಎರಡೂ ಹೆಗಲ ಮೇಲೆ ಹೊದ್ದು, ಹೊಟ್ಟೆಯ ಮೇಲೆ ಬಲಗೈ ಇಟ್ಟು ನಗುತ್ತ ನಿಂತಳು. ಅವ್ವ ಅವಳ ಮುಖ ಹಿಡಿದು ಅತ್ತಳು. ನಾನು ಎಡ ಹೆಗಲನ್ನೇ ನೋಡಿದೆ. ಸೆರಗಿನಲ್ಲಿ ಏನೂ ಕಾಣಲಿಲ್ಲ. ಅತ್ತೆ ನಮ್ಮನ್ನು ಬಿಟ್ಟು ಕದಲಲಿಲ್ಲ. ತಾಯಿ ಮಗಳು ಇಬ್ಬರೇ ಆಗುವ ಹೊತ್ತನ್ನೇ ಅವಳು ಕೊಡಲಿಲ್ಲ. ಹುರಿದು ಮುಕ್ಕುವ ಅತ್ತೆ ಎಂದುಕೊಂಡೆ.

"ಕುಬಸ ಹೊಲದಾಕಿ ನೀನೇನು?" ಎಂದು ನನ್ನನ್ನು ಕೇಳಿದಳು.

"ಹೌದ್ರೀ."

"ಹಂಗೇ ಹೊಲದೀ? ಎಡಗಡಿ?"

ಎಡಗಡೆ ಎಂದು ಅವಳಾಗಿಯೇ ಕೇಳಿದ್ದು ನನ್ನ ಕಿವಿಗೆ ತಟ್ಟಿತು. "ಹಂಗೇ ರೀ" ಅಂದೆ. ಅವಳು ಕಣ್ಣು ಮುಚ್ಚಿ ತೆರೆದಳು.

ನಡುಮನೆಯಲ್ಲಿ ಮುತ್ತೈದೆಯರು ಸುತ್ತ ನಿಂತರು. ಹಾಡು ಶುರುವಾಯಿತು. ಅಕ್ಕ ಮಣೆಯ ಮೇಲೆ ಕೂತಳು. ಹಸಿರು ಸೀರೆಯ ಮರೆಯಲ್ಲಿ ಹಳೆಯದನ್ನು ಬಿಡಿಸಿ ಹೊಸದನ್ನು ಹಿಡಿದರು. ಬಲ ತೋಳು ಸುಮ್ಮನೆ ಏರಿತು. ಎಡಕ್ಕೆ ಬಂದಾಗ ಅತ್ತೆ ಮಿಕ್ಕವರನ್ನು ಸರಿಸಿ ತಾನೇ ಅಕ್ಕನ ಎಡಗೈ ಹಿಡಿದಳು. ಆ ಕೈ ಮೇಲೆ ಏಳಲಿಲ್ಲ. ಎದೆಯ ಎತ್ತರಕ್ಕೆ ಬಂದು ನಿಂತುಬಿಟ್ಟಿತು. ಸಮ ಅಳತೆಯ ಸಂದಿನಲ್ಲಿ ಆ ಕೈ ನುಸುಳುವುದು ಸಾಧ್ಯವೇ ಇರಲಿಲ್ಲ. ಅತ್ತೆ ತೋಳನ್ನು ಮೆಲ್ಲಗೆ ಹಿಡಿದು, ಕೂಸಿಗೆ ತೊಡಿಸುವಂತೆ, ಕೈಯ ಕೆಳಗಿನಿಂದ ಕುಬಸವನ್ನು ತಂದಳು. ಕಂಕುಳಿನ ತುಂಡು ಅರಳಿತು. ತೋಳು ಜಗ್ಗದೆ, ನಿಲ್ಲದೆ, ನೀರು ಇಳಿದಂತೆ ಏರಿ ಹೆಗಲ ಮೇಲೆ ಕೂತಿತು.

ಹಾಡು ನಿಲ್ಲಲಿಲ್ಲ. ಯಾರೂ ಯಾರ ಕಿವಿಗೂ ಬಾಗಲಿಲ್ಲ.

ಅವ್ವ ಮಾತ್ರ ಮುಂದೆ ಬಂದು ಆ ಹೆಗಲ ಮೇಲೆ ಕೈ ಇಟ್ಟಳು. ಕುಬಸದ ಕೆಳಗೆ ಎಲುಬು ಗಂಟುಗಟ್ಟಿತ್ತು. ಅವ್ವನ ಬೆರಳು ಆ ಗಂಟಿನ ಮೇಲೆ ಹೋಯಿತು, ಬಂತು, ಮತ್ತೆ ಹೋಯಿತು.

"ಯಾವಾಗ?" ಎಂದಳು.

"ಮಳಿಗಾಲದಾಗ" ಎಂದಳು ಅಕ್ಕ. "ಮಂದಿ ಬರಾಕತ್ತಾರ, ಊರು ಸುಡ್ತಾರಂತ ಸುದ್ದಿ ಬಂತು. ಎಲ್ಲಾರೂ ಬಾಳಿ ತ್ವಾಟಕ್ಕ ಓಡಿದ್ವಿ. ಬಾವಿ ಮೆಟ್ಟಲದಾಗ ಜಾರಿದೆ. ಬೀಳೂ ಮುಂದ ಹೊಟ್ಟಿ ನೆನಪಾತು. ಬಲಗೈಲೆ ಹೊಟ್ಟಿ ಹಿಡಕೊಂಡೆ. ಎಡಗಡಿ ಬಿದ್ದೆ."

"ಬಂದರೇನು, ಆ ಮಂದಿ?"

"ಯಾರೂ ಬರಲಿಲ್ಲ. ಸುದ್ದಿ ಸುಳ್ಳಿತ್ತು. ಅದು ಗೊತ್ತಾಗಿದ್ದು ಬಿದ್ದ ಮ್ಯಾಲ."

"ನನಗ ಯಾಕ ಹೇಳಿ ಕಳಸಲಿಲ್ಲ?"

ಅತ್ತೆ ಉತ್ತರ ಕೊಟ್ಟಳು. "ನಾನೇ ಬ್ಯಾಡ ಅಂದೆ ಬೀಗತಿ. ಹೇಳಿದ್ರ ನೀವು ಆ ಗದ್ದಲದಾಗ ನಡಕೋತ ಬರ್ತಿದ್ರಿ. ದಾರ್ಯಾಗ ನಿಮಗೇನರೆ ಆಗಿದ್ರ ಇಕಿಗೆ ಏನು ಹೇಳೂದು? ಒಂದು ಹೋಗಿತ್ತು, ಇನ್ನೊಂದು ಹೊಟ್ಟ್ಯಾಗ. ಎಲುಬು ಕಟ್ಟಾಂವನ್ನ ಕರಸಿ ಕಟ್ಟಸಿದೆ. ಅವ ಕಟ್ಟಿದ್ದು ಹಿಂಗ ಕೂಡ್ತು."

ಅವ್ವ ಅತ್ತೆಯ ಕೈಯನ್ನು ತನ್ನ ಎರಡೂ ಕೈಯಲ್ಲಿ ಹಿಡಿದುಕೊಂಡು ನಿಂತಳು. ಹೊಸ ಬಳೆ ಇಡಿಸಲು ಬಳೆಗಾರ ಹೊರಗೆ ಕಾಯುತ್ತಿದ್ದಾನೆಂದು ಯಾರೋ ಕೂಗಿದರು.

ನಾನು ಅಲ್ಲೇ ಕಂಬಕ್ಕೆ ಒರಗಿ ಆ ಹೆಗಲನ್ನು ನೋಡುತ್ತ ಉಳಿದೆ. ಕಟ್ಟೆಯ ಮೇಲೆ ಹಾಸಿ ಅದನ್ನು ನೋಡಿ ನಾನು ನಕ್ಕಿದ್ದೆ! ಅವ್ವ ಡೊಂಕು ಎಂದಿದ್ದಳು, ಖಾಲಾ ಗಲತ್ ಎಂದಿದ್ದಳು. ಆ ಇಳಿಜಾರಿನಲ್ಲಿ ಒಂದು ಬಾವಿಯ ಮೆಟ್ಟಿಲು ಇತ್ತು, ಒಂದು ಸುಳ್ಳು ಸುದ್ದಿ ಇತ್ತು, ಕಣ್ಣು ಮಿಟುಕಿಸುವಷ್ಟರಲ್ಲಿ ಅಕ್ಕ ಯಾವ ಕಡೆ ಬೀಳಬೇಕೆಂದು ಆರಿಸಿಕೊಂಡದ್ದು ಇತ್ತು. ಹೊಟ್ಟೆಯಲ್ಲಿದ್ದ ಕೂಸೇ ಅಲ್ಲಿ ಇತ್ತು. ದಾರಿಹೋಕರ ಬಾಯಿ, ಆಳುಮಗನ ಬಾಯಿ ಎಲ್ಲವೂ "ಛಲೋ ಅದಾಳ" ಎಂದಾಗ, ನಮ್ಮ ಮನೆಗೆ ನಿಜ ಹೇಳಿದ್ದು ಆ ಡೊಂಕು ಕುಬಸ ಒಂದೇ. ಆ ದಿನ ಮನುಷ್ಯರ ಮೈ ನೋಡಿದರೆ ಸಾಕು ಬೆರಗಾಗುತ್ತಿತ್ತು. ಒಬ್ಬ ಮುತ್ತೈದೆಯ ಸೊಂಟ ಕೊಡ ಹೊತ್ತು ಒಂದು ಕಡೆ ಏರಿತ್ತು, ಇನ್ನೊಬ್ಬಳ ಬಲ ತೋಳು ಬೀಸಿ ಬೀಸಿ ದಪ್ಪಗಿತ್ತು. ಎರಡೂ ಕಡೆ ಸಮನಾಗಿದ್ದವರು ಆ ನಡುಮನೆಯಲ್ಲಿ ಒಬ್ಬರೂ ಕಾಣಲಿಲ್ಲ.

ಉಡಿ ತುಂಬಿ, ಆರತಿ ಆಗಿ, ಊಟವಾದ ಮೇಲೆ ಅಕ್ಕ ನನ್ನನ್ನು ಹತ್ತಿರ ಕರೆದಳು.

"ನೀ ತಿದ್ದಿ ಕಳಸ್ತಿ ಅಂತ ಅಂಜಿದ್ದೆ" ಎಂದಳು. "ನಿನ್ನ ಕೈ ಸುಮ್ಮ ಕೂಡಂಗಿಲ್ಲ ನೋಡು, ಅದಕ್ಕ."

"ಗಂಟು ಹೊರಗ ಬಿಟ್ಟಿದ್ದಿ" ಅಂದೆ. "ಅದಕ್ಕ ನೀನು ಅಂತ ಗೊತ್ತಾತು."

ಅವಳು ಜೋರಾಗಿ ನಕ್ಕಳು. ನಕ್ಕಾಗ ಕುಬಸದ ಕೊರಳು ಎಡಕ್ಕೆ ಜಾರಿತು. ನಾನು ನಟ್ಟನಡುವೆ ಇಟ್ಟ ಕೊರಳು! ಹೆಗಲು ಇಳಿದ ಕಡೆಗೆ ಬಟ್ಟೆ ಜಗ್ಗುತ್ತದೆ, ಜಗ್ಗಲೇಬೇಕು. ಹಳೆಯದರ ಕೊರಳು ಒಗೆತಕ್ಕೆ ಹಿಗ್ಗಿರಲಿಲ್ಲ. ಆ ಹೆಗಲು ದಿನಾ ತೊಟ್ಟು ತೊಟ್ಟು ತನಗೆ ಬೇಕಾದ ಕಡೆಗೆ ಅದನ್ನು ತಾನೇ ಒಯ್ದಿತ್ತು. ತೂತಿನ ಸಾಲು ನೋಡಿದ ನಾನು ನೆಯ್ಗೆಯನ್ನು ನೋಡಿಯೂ ಓದಿರಲಿಲ್ಲ.

"ಇದು ನಂದು ತಪ್ಪು" ಅಂದೆ.

"ಇರಲಿ ಬಿಡ. ಸೆರಗಿನಾಗ ಮುಚ್ಚತದ" ಎಂದು ಅಕ್ಕ ಸೆರಗು ಎಳೆದುಕೊಂಡಳು. "ಅಣ್ಣನ ಅಂಗಿ ಬಿಚ್ಚಿದ್ದಿ ಅಂತ ಖರೇನು? ಬರೋ ಹಾದ್ಯಾಗೆಲ್ಲ ಅದೇ ಹೇಳ್ಕೋತ ಬಂದಾನಂತ."

ಮುಂದೆ ಬೇಸಿಗೆಯಲ್ಲಿ ಕೂಸು ಹುಟ್ಟಿತು, ಹೆಣ್ಣು. ಹೆಸರಿಡುವ ಹೊತ್ತಿಗೆ ದಾರಿ ಪೂರ್ತಿ ತೆರೆದಿತ್ತು, ಪೇಟೆಗೆ ಖಣಗಳೂ ಬಂದಿದ್ದವು. ಖಾಲಾನ ಗಂಡ ಹೈದರಾಬಾದಿನಿಂದ ಬಂದಿದ್ದರು, ಮುಂದಿನ ಬಾಗಿಲು ತೆರೆದಿತ್ತು. ಅದೇ ಆಳುಮಗ ಅದೇ ಗಾಡಿಯಲ್ಲಿ ಮತ್ತೆ ಗಂಟು ತಂದ. ಹೊಸ ಕುಬಸ ಹೊಲಿಯಲು ಅಳತೆಗೆಂದು ಅಕ್ಕ ಈ ಸಲ ಕಳಿಸಿದ್ದು ನಾನು ಹೊಲಿದ ಹಸಿರು ಕುಬಸವನ್ನೇ.

ಅದನ್ನು ಕಟ್ಟೆಯ ಮೇಲೆ ಹಾಸಿದೆ. ಕೊರಳನ್ನು ಬಿಚ್ಚಿ, ಎಡಕ್ಕೆ ಸರಿಸಿ, ಕೈಯಿಂದ ಮತ್ತೆ ಹೊಲಿದಿದ್ದಳು. ಈಗ ಹೊಲಿಗೆ ಎಳ್ಳು ಜೋಡಿಸಿದಂತೆ ಇತ್ತು, ಎಡಗೈ ಬಟ್ಟೆ ಹಿಡಿಯುವಷ್ಟು ಬಲ ಪಡೆದಿತ್ತು. ಎತ್ತಿ ಬಿಸಿಲಿಗೆ ಹಿಡಿದೆ. ನನ್ನ ಮಷಿನ್ನಿನ ಸಾಲು, ಅದರ ಪಕ್ಕದಲ್ಲಿ ಅವಳ ಸಾಲು. ಗಂಟು ಹೊರಗೆ.

ಅವ್ವ ಬಾಗಿಲಲ್ಲಿ ಬಂದು ನಿಂತಳು.

"ಹ್ಯಾಂಗ ಹೊಲೀತಿ?" ಎಂದು ಕೇಳಿದಳು.

"ಅಳತಿ ಬಂದಂಗ" ಅಂದೆ. ಅವಳು ಒಳಗೆ ಹೋಗಿ ಕತ್ತರಿ ತಂದುಕೊಟ್ಟಳು.